ಎಂಟು ಡಾಲರಿನೊಂದಿಗೆ ಹೊರಟವರ ನೆನಪುಗಳನ್ನು ದಾಖಲಿಸುವುದು ಹೇಗೆ?

ಅಮೆರಿಕದ ಹೊಸ ವಲಸೆ ಕಾನೂನಿಗೆ 1965ರ ಅಕ್ಟೋಬರ್ 3ರಂದು ಸಹಿ ಬೀಳುವವರೆಗೆ, ಅಲ್ಲಿ ಕಾಯಂ ಆಗಿ ನೆಲೆಸಲು ಭಾರತೀಯರಿಗೆ ಮೀಸಲಿದ್ದ ಕೋಟಾ ವರ್ಷಕ್ಕೆ ಕೇವಲ 100 ಮಂದಿಯದು. ದೇಶವಾರು ಕೋಟಾ ರದ್ದಾದ ಮೇಲೆ ನಮ್ಮ ಊರುಗಳ ವೈದ್ಯರು, ಎಂಜಿನಿಯರುಗಳು, ಸಂಶೋಧನಾ ವಿದ್ಯಾರ್ಥಿಗಳು ಹೆಚ್ಚಿನ ಸಂಖ್ಯೆಯಲ್ಲಿ ವಿಮಾನ ಹತ್ತಿದರು. ವಿದೇಶಿ ವಿನಿಮಯಕ್ಕೆ ಬಿಗಿ ಕಡಿವಾಣವಿದ್ದ ಆ ದಿನಗಳಲ್ಲಿ ಜೇಬಿನಲ್ಲಿ 8 ಡಾಲರ್ ಇಟ್ಟುಕೊಂಡು ಹೊರಟೆವೆಂದು ಆ ತಲೆಮಾರಿನ ಅನೇಕರು ಈಗಲೂ ಹೇಳುತ್ತಾರೆ. ಅವರಲ್ಲಿ ಬಹುತೇಕರು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ನಿಮ್ಮ ಮನೆಯಲ್ಲಿ ಅಂಥವರೊಬ್ಬರಿದ್ದರೆ ಅವರ ನೆನಪುಗಳನ್ನು ದಾಖಲಿಸುವ ಕೆಲಸವನ್ನು ಮುಂದಿನ ರಜೆಗೆಂದು ಮುಂದೂಡಬೇಡಿ.

ಕೆಲಸವನ್ನು ಧ್ವನಿಮುದ್ರಣದಿಂದಲ್ಲ, ಅಟ್ಟದಿಂದ ಆರಂಭಿಸಿ. ಹೋದವರು ಬರೆದ ಪತ್ರಗಳು ಅವರ ಬಳಿ ಇರುವುದಿಲ್ಲ. ಅವು ಊರಿನಲ್ಲಿ, ಅಜ್ಜಿಯ ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ ಇರುತ್ತವೆ. ಊರಿನಿಂದ ಹೋದ ಉತ್ತರಗಳು ಅಲ್ಲಿನ ಮನೆಯ ನೆಲಮಾಳಿಗೆಯಲ್ಲಿರಬಹುದು. ಒಂದೇ ಸಂಭಾಷಣೆಯ ಎರಡು ಅರ್ಧಗಳು ಎರಡು ಖಂಡಗಳಲ್ಲಿ ಚದುರಿರುವುದರಿಂದ, ಇಲ್ಲಿರುವ ಸಂಬಂಧಿಕರೊಬ್ಬರೂ ಅಲ್ಲಿರುವವರೊಬ್ಬರೂ ಜೊತೆಯಾಗಿ ದುಡಿದರೆ ಮಾತ್ರ ಅದು ಪೂರ್ಣವಾಗುತ್ತದೆ. ತೆಳುವಾದ ನೀಲಿ ಏರೋಗ್ರಾಮುಗಳ ಮಡಿಕೆಗಳು ಬೇಗ ಹರಿಯುತ್ತವೆ. ಅವುಗಳಿಗೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಅಂಚಿನಲ್ಲಿ ಅಡ್ಡಡ್ಡ ಬರೆದ ಸಾಲುಗಳೂ ಅಂಚೆ ಮುದ್ರೆಯೂ ಕಾಣುವಂತೆ ಎರಡೂ ಬದಿಗಳನ್ನು 600 ಡಿಪಿಐ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿ. ಟ್ರಂಕ್ ಕಾಲ್ ದುಬಾರಿಯಾಗಿದ್ದ ಕಾಲದಲ್ಲಿ ಕೆಲವು ಕುಟುಂಬಗಳು ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ ಕಳುಹಿಸುತ್ತಿದ್ದವು. ಅಂಥ ಕ್ಯಾಸೆಟ್ ಸಿಕ್ಕರೆ ಹಳೆಯ ಟೇಪ್ ರೆಕಾರ್ಡರಿಗೆ ಹಾಕಿ ಆತುರದಿಂದ ಕೇಳಬೇಡಿ, ಮೊದಲು ಅನುಭವಿಗಳಿಂದ ಡಿಜಿಟಲ್ ಪ್ರತಿ ಮಾಡಿಸಿ.

ಈ ಪತ್ರಗಳನ್ನು ಓದಿದ ಮೇಲೆ ಪ್ರಶ್ನೆಗಳನ್ನು ಸಿದ್ಧಪಡಿಸಿ. ನನ್ನ ಅನುಭವದಲ್ಲಿ ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. 'ನಿಮ್ಮ ಅಮೆರಿಕ ಅನುಭವ ಹೇಳಿ' ಎಂದು ಕೇಳಿದರೆ, ಐವತ್ತು ವರ್ಷಗಳಿಂದ ಮದುವೆ ಮನೆಗಳಲ್ಲೂ ಕನ್ನಡ ಕೂಟದ ವೇದಿಕೆಗಳಲ್ಲೂ ಹೇಳಿ ಹೇಳಿ ನಯವಾದ ಕಥೆಯೇ ಮತ್ತೆ ಬರುತ್ತದೆ: ಎಂಟು ಡಾಲರ್, ಮೊದಲ ಹಿಮ, ಕೊನೆಗೆ ಸ್ವಂತ ಮನೆ. ಆ ಕಥೆ ಸುಳ್ಳಲ್ಲ, ಆದರೆ ಅದರ ಕೆಳಗೆ ಇನ್ನೊಂದಿದೆ. ಅದನ್ನು ತಲುಪಲು ಒಂದೇ ಒಂದು ದಿನವನ್ನು ಹಿಡಿದುಕೊಳ್ಳಿ. ವಿಮಾನ ಇಳಿದ ದಿನ ನಿಲ್ದಾಣಕ್ಕೆ ಯಾರು ಬಂದಿದ್ದರು, ಮೈಮೇಲೆ ಯಾವ ಬಟ್ಟೆಯಿತ್ತು, ರಾತ್ರಿ ಏನು ಉಂಡಿರಿ, ಹುಳಿಪುಡಿ ಖಾಲಿಯಾದ ಮೇಲೆ ಸಾರಿಗೆ ಏನು ಹಾಕಿದಿರಿ, ತಂದೆ ತೀರಿಕೊಂಡ ಸುದ್ದಿ ಎಷ್ಟು ದಿನದ ಮೇಲೆ ತಲುಪಿತು ಎಂದು ಕೇಳಿ. 2008ರಲ್ಲಿ ಆರಂಭವಾದ, ಫಿಲಡೆಲ್ಫಿಯಾದಲ್ಲಿ ನೆಲೆಯಿರುವ ದಕ್ಷಿಣ ಏಷ್ಯಾ ಮೂಲದ ಅಮೆರಿಕನ್ನರ ಡಿಜಿಟಲ್ ಸಂಗ್ರಹಾಲಯ 'ಸಾಡಾ', ವಲಸಿಗರ ಮೊದಲ ದಿನದ ನೆನಪುಗಳನ್ನೇ ಕಲೆಹಾಕುವ ಪ್ರತ್ಯೇಕ ಯೋಜನೆಯೊಂದನ್ನು ನಡೆಸಿದೆ. ಆ ಆಯ್ಕೆಯ ಹಿಂದಿನ ವಿವೇಕ ಒಂದು ಸಂದರ್ಶನ ಮಾಡಿದ ಯಾರಿಗಾದರೂ ತಿಳಿಯುತ್ತದೆ.

ಗಂಡನ ಜೊತೆ ಹೋದ ಮಹಿಳೆಯರನ್ನು ಬೇರೆಯಾಗಿ ಕೂರಿಸಿ ಮಾತನಾಡಿಸಿ ಎಂದು ಒತ್ತಿ ಹೇಳುತ್ತೇನೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ 'ನನ್ನದೇನಿದೆ, ಅವರನ್ನೇ ಕೇಳಿ' ಎಂದು ಅವರು ಸುಮ್ಮನಾಗುತ್ತಾರೆ. ಆದರೆ ಭಾಷೆ ತಿಳಿಯದ ಊರಿನಲ್ಲಿ ಹಗಲಿಡೀ ಒಬ್ಬರೇ ಕಳೆದವರು, ತಾಯಿಯಿಲ್ಲದ ಬಾಣಂತನ ಕಂಡವರು, ಮಕ್ಕಳೊಡನೆ ಕನ್ನಡವನ್ನು ಉಳಿಸಿಕೊಂಡವರು ಅವರೇ. ಅಡುಗೆಮನೆಯಲ್ಲಿ, ಕೈಗೆ ಏನಾದರೂ ಕೆಲಸವಿರುವಾಗ, ಅವರ ಮಾತು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಸಂದರ್ಶನ ಕನ್ನಡದಲ್ಲಿಯೇ ನಡೆಯಲಿ, ಅದೂ ಅವರ ಮನೆಮಾತಿನ ಕನ್ನಡದಲ್ಲಿ. ಧಾರವಾಡದಿಂದ 1970ರ ಸುಮಾರಿಗೆ ಹೊರಟವರ ನಾಲಿಗೆಯಲ್ಲಿ ಆ ಕಾಲದ ಧಾರವಾಡವೂ ಉಳಿದಿರುತ್ತದೆ. ಮೊಮ್ಮಕ್ಕಳಿಗೆ ಅನುಕೂಲವಾಗಲೆಂದು ಇಂಗ್ಲಿಷಿನಲ್ಲಿ ಹೇಳಿಸಿದರೆ ಸಂಗತಿ ಉಳಿದೀತು, ಆ ದನಿ ಉಳಿಯದು. ಅನುವಾದವನ್ನು ಆಮೇಲೆ ಮಾಡಬಹುದು.

ಧ್ವನಿಮುದ್ರಣಕ್ಕೆ ಒಳ್ಳೆಯ ಫೋನ್ ಸಾಕು; ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕ್ ಇದ್ದರೆ ಮತ್ತೂ ಒಳ್ಳೆಯದು. ನನ್ನ ಸೋದರಮಾವನ ಮಾತುಗಳನ್ನು ನಾನು ಬೇಸಿಗೆಯ ಒಂದು ಮಧ್ಯಾಹ್ನ ಫ್ಯಾನಿನ ಕೆಳಗೆ ಮುದ್ರಿಸಿಕೊಂಡೆ. ಇಂದು ಅವರಿಲ್ಲ, ಅವರು ದನಿ ತಗ್ಗಿಸಿ ಹೇಳಿದ ಭಾಗವೆಲ್ಲ ಫ್ಯಾನಿನ ಸದ್ದಿನಲ್ಲಿ ಮುಳುಗಿದೆ. ಆದ್ದರಿಂದ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಒಂದು ನಿಮಿಷ ಮುದ್ರಿಸಿ ಕೇಳಿ ನೋಡಿ. ಸಾಧ್ಯವಿದ್ದರೆ ವೇವ್ (WAV) ಎಂಬ ಕಡತದ ರೂಪದಲ್ಲಿ, 48 ಕಿಲೋಹರ್ಟ್ಸ್, 24 ಬಿಟ್ ಮಟ್ಟದಲ್ಲಿ ಮುದ್ರಿಸಿ. ಒಂದು ಗಂಟೆಯ ಸ್ಟೀರಿಯೊ ಮುದ್ರಣಕ್ಕೆ ಸುಮಾರು 1 ಜಿಬಿ ಜಾಗ ಬೇಕು. ಮೊದಲಿಗೆ ದಿನಾಂಕ, ಸ್ಥಳ, ಇಬ್ಬರ ಹೆಸರುಗಳನ್ನು ದನಿಯಲ್ಲಿಯೇ ಹೇಳಿ. ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು ಕೂರಿಸಬೇಡಿ. ಅವರು ಮೌನವಾದಾಗ ತಕ್ಷಣ ಮುಂದಿನ ಪ್ರಶ್ನೆಗೆ ಹಾರಬೇಡಿ.

ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಯಾರು ಕೇಳಬಹುದು, ಯಾವ ಭಾಗ ಮನೆಯೊಳಗೇ ಉಳಿಯಬೇಕು, ಯಾವುದನ್ನು ತಮ್ಮ ಕಾಲಾನಂತರವಷ್ಟೇ ತೆರೆಯಬೇಕು ಎಂಬುದನ್ನು ನಿರ್ಧರಿಸುವವರು ಹೇಳಿದವರೇ. ವೀಸಾದ ತೊಡಕುಗಳು, ಸಾಲ, ಮುರಿದ ಮದುವೆಗಳ ಪ್ರಸಂಗಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಬರಹಕ್ಕಿಳಿಸುವಾಗ ಗ್ರಂಥಸ್ಥ ಭಾಷೆಗೆ ತಿದ್ದಬೇಡಿ. 'ಹೋಗೀನಿ' ಎಂದದ್ದು 'ಹೋಗಿದ್ದೇನೆ' ಆಗಬಾರದು. ಯುನಿಕೋಡ್ ಕನ್ನಡದಲ್ಲಿಯೇ ಟೈಪ್ ಮಾಡಿ. ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕುಟುಂಬ ಚರಿತ್ರೆಗಳು ಇಂದಿನ ಕಂಪ್ಯೂಟರುಗಳಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅಂಥ ಕಡತವಿದ್ದರೆ ಪರಿವರ್ತಕ ತಂತ್ರಾಂಶದಿಂದ ಬದಲಿಸಿಕೊಳ್ಳಿ.

ಮೂರು ಪ್ರತಿಗಳನ್ನಿಡಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ಬೇರೆ ಊರಿನ ಸಂಬಂಧಿಕರ ಮನೆಯಲ್ಲಿ. ಸಂಗ್ರಹಾಲಯಕ್ಕೆ ಕೊಡಲು ಮೂಲ ಪತ್ರಗಳನ್ನು ಕಳೆದುಕೊಳ್ಳಬೇಕೆಂಬ ಅಳುಕು ಬೇಡ. ಸಾಡಾದಂಥ ಕಡೆ ಡಿಜಿಟಲ್ ಪ್ರತಿಯನ್ನು ಇಟ್ಟುಕೊಂಡು ಮೂಲವನ್ನು ಕುಟುಂಬದಲ್ಲಿಯೇ ಉಳಿಸುತ್ತಾರೆ.

ಕೊನೆಯದಾಗಿ, ಧ್ವನಿಮುದ್ರಣದ ಪ್ರತಿಯನ್ನು ಹೇಳಿದವರಿಗೆ ಕೊಟ್ಟು ಎರಡು ವಾರ ಕಾಯಿರಿ. ತಮ್ಮ ದನಿಯನ್ನು ತಾವೇ ಕೇಳಿಸಿಕೊಂಡ ಮೇಲೆ ಅವರು ಫೋನ್ ಮಾಡಿ, 'ಅವತ್ತು ಒಂದು ಮಾತು ಹೇಳಲಿಲ್ಲ ನೋಡು' ಎನ್ನುವುದುಂಟು. ಎರಡನೆಯ ಭೇಟಿಗೆ ದಿನ ಗೊತ್ತುಮಾಡಬೇಕಾದದ್ದು ಆಗಲೇ.