ಮಕ್ಕಳ ಜೊತೆ ಚಿಟ್ಟೆ ಸಾಕೋಣ: ರೆಕ್ಕೆ ಒಣಗುವವರೆಗೆ ಕೈ ಹಾಕಬೇಡಿ

ಮಕ್ಕಳಿಗೆ ಚಿಟ್ಟೆಯ ಬಗ್ಗೆ ಹೇಳಿಕೊಡಲು ಹೊರಟವರು ಮೊದಲು ತರುವುದು ಚಾರ್ಟ್. ಮೊಟ್ಟೆ, ಹುಳು, ಪ್ಯೂಪಾ, ಚಿಟ್ಟೆ ಅಂತ ನಾಲ್ಕು ಚಿತ್ರ. ಮಗು ಗಿಣಿಪಾಠ ಒಪ್ಪಿಸುತ್ತದೆ, ಅಲ್ಲಿಗೆ ಮುಗಿಯಿತು. ಅದರ ಬದಲು ಒಂದೇ ಒಂದು ಹುಳು ಸಾಕಿ ನೋಡಿ. ಒಂದೇ ಸಾಕು, ಹತ್ತು ತಂದರೆ ಎಲೆ ಹೊಂದಿಸುವುದರಲ್ಲೇ ದಿನ ಹೋಗುತ್ತದೆ, ನೋಡುವುದು ಉಳಿದುಹೋಗುತ್ತದೆ.

ಹಂತ 1: ಹುಳು ಹುಡುಕಿ

ನಿಂಬೆ ಗಿಡದ ಚಿಗುರೆಲೆ ನೋಡಿ. ನಿಂಬೆ ಚಿಟ್ಟೆ ಅಲ್ಲಿ ಒಂದೊಂದೇ ತಿಳಿಹಳದಿ ಮೊಟ್ಟೆ ಇಡುತ್ತದೆ. ಮರಿಹುಳು ಥೇಟ್ ಹಕ್ಕಿ ಹಿಕ್ಕೆಯ ಹಾಗಿರುತ್ತದೆ, ದೊಡ್ಡದಾದ ಮೇಲೆ ಹಸಿರಾಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲು ಕೊಂಬಿನಂಥದ್ದು ಹೊರಗೆ ಚಾಚಿ ಘಾಟು ವಾಸನೆ ಬಿಡುತ್ತದೆ. ಮೈತುಂಬ ರೋಮ ಇರುವ ಹುಳು ಬೇಡವೇ ಬೇಡ, ಮುಟ್ಟಿದರೆ ಕಡಿತ ಶುರುವಾಗಬಹುದು. ಎಕ್ಕದ ಗಿಡದಲ್ಲೂ ಚಂದದ ಪಟ್ಟೆಹುಳು ಸಿಗುತ್ತದೆ. ಆದರೆ ಎಕ್ಕದ ಹಾಲು ಕಣ್ಣಿಗೆ ಅಪಾಯ, ಚಿಕ್ಕ ಮಕ್ಕಳಿದ್ದರೆ ಅದರ ಸಹವಾಸ ಬಿಡಿ.

ಹಂತ 2: ಮನೆ, ಊಟ

ನಾಲ್ಕೂ ಕಡೆ ಬಲೆ ಇರುವ, ಎತ್ತರದ ಪೆಟ್ಟಿಗೆಯೇ ಒಳ್ಳೆಯದು. ಮುಚ್ಚಳದಲ್ಲಿ ಭೂತಗನ್ನಡಿ ಕೂರಿಸಿದ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳು ಬರುತ್ತವಲ್ಲ, ಅವನ್ನು ಕೊಳ್ಳಬೇಡಿ. ಒಳಗೆ ತೇವ ನಿಂತು ಬೂಸ್ಟು ಹಿಡಿಯುತ್ತದೆ, ಚಿಟ್ಟೆಗೆ ರೆಕ್ಕೆ ಬಿಚ್ಚಲು ಜಾಗವೂ ಇರುವುದಿಲ್ಲ. ಹುಳು ಸಿಕ್ಕಿದ ಗಿಡದ ಎಲೆಯನ್ನೇ ಕೊಡಿ, ಔಷಧಿ ಹೊಡೆದಿರಬಾರದು. ಕೊಂಬೆಯನ್ನು ನೀರಿನ ಸೀಸೆಯಲ್ಲಿ ನಿಲ್ಲಿಸಿದರೆ ಸೀಸೆಯ ಬಾಯಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಹುಳು ಇಳಿದು ಮುಳುಗುತ್ತದೆ. ಹಿಕ್ಕೆ ದಿನಾ ತೆಗೆಯಿರಿ. ಹುಳು ಊಟ ಬಿಟ್ಟು ಅಲ್ಲಾಡದೆ ಕೂತರೆ ಪೊರೆ ಬಿಡುತ್ತಿದೆ ಅಂತ ಅರ್ಥ, ಎತ್ತಬೇಡಿ.

ಹಂತ 3: ಎಲ್ಲರೂ ಎಡವುವ ಜಾಗ

ಒಂದು ದಿನ ಹುಳು ತಿನ್ನುವುದು ನಿಲ್ಲಿಸಿ, ನೀರು ನೀರಾಗಿ ಹಿಕ್ಕೆ ಹಾಕಿ, ಪೆಟ್ಟಿಗೆ ತುಂಬಾ ಓಡಾಡಲು ಶುರುಮಾಡುತ್ತದೆ. ಕಾಯಿಲೆ ಬಂತು ಅಂತ ಎಷ್ಟೋ ಜನ ಅದನ್ನು ಆಗಲೇ ಹೊರಗೆ ಬಿಡುತ್ತಾರೆ. ಕಾಯಿಲೆಯಲ್ಲ, ಅದು ಪ್ಯೂಪಾ ಆಗಲು ಜಾಗ ಹುಡುಕುತ್ತಿದೆ. ಒಂದೆರಡು ಒಣಕಡ್ಡಿಯನ್ನು ಓರೆಯಾಗಿ ನಿಲ್ಲಿಸಿ ಸುಮ್ನೆ ಬಿಡಿ. ಕಡ್ಡಿಗೆ ಬಾಲದ ತುದಿ ಅಂಟಿಸಿಕೊಂಡು, ಸೊಂಟಕ್ಕೆ ರೇಷ್ಮೆ ಎಳೆಯ ಪಟ್ಟಿ ಕಟ್ಟಿಕೊಂಡು ಒರಗುತ್ತದೆ. ಆಮೇಲೆ ಕೊನೆಯ ಪೊರೆ ಕಳಚುತ್ತದೆ. ಪ್ಯೂಪಾವನ್ನು ದಿನಾ ಮುಟ್ಟಿ ನೋಡಬೇಡಿ. ಕೆಳಗೆ ಬಿದ್ದರೆ ಒರಟು ಬಟ್ಟೆಯ ಮೇಲೆ, ಬಲೆಗೆ ತಾಗುವಂತೆ ಮಲಗಿಸಿ.

ಹೊರಬರುವ ಹೊತ್ತಿಗೆ ಪ್ಯೂಪಾದ ಸಿಪ್ಪೆ ತಿಳಿಯಾಗಿ ಒಳಗಿನ ರೆಕ್ಕೆಯ ಬಣ್ಣ ಕಾಣುತ್ತದೆ. ಅಂದು ಬೆಳಗ್ಗೆ ಮಗುವನ್ನು ಬೇಗ ಎಬ್ಬಿಸಿ. ಸಿಪ್ಪೆ ಬಿರಿದು ಚಿಟ್ಟೆ ಬಂದಾಗ ಹೊಟ್ಟೆ ಊದಿರುತ್ತದೆ, ರೆಕ್ಕೆ ಮುದುಡಿರುತ್ತದೆ. ಅದು ಮೇಲಕ್ಕೆ ಹತ್ತಿ ರೆಕ್ಕೆ ಇಳಿಬಿಟ್ಟು ನೇತಾಡಬೇಕು. ಹೊಟ್ಟೆಯಲ್ಲಿನ ದ್ರವ ರೆಕ್ಕೆಯ ನಾಳಗಳಿಗೆ ನುಗ್ಗಿ ಮುದುಡಿದ್ದು ಬಿಚ್ಚಿಕೊಳ್ಳುತ್ತದೆ. ಇಲ್ಲೇ ದೊಡ್ಡವರ ಕೈ ಕಡಿಯುವುದು. ಪಾಪ, ಕಷ್ಟಪಡುತ್ತಿದೆ ಅಂತ ಸಿಪ್ಪೆ ಬಿಡಿಸುತ್ತಾರೆ, ರೆಕ್ಕೆ ಎಳೆದು ಸರಿಮಾಡುತ್ತಾರೆ. ಹಾಗೆ ಸೊಟ್ಟಗಾಗಿ ಒಣಗಿದ ರೆಕ್ಕೆ ಮತ್ತೆ ನೆಟ್ಟಗಾಗುವುದಿಲ್ಲ, ಆ ಚಿಟ್ಟೆ ಹಾರುವುದೂ ಇಲ್ಲ. ಹಿಂದಿನಿಂದ ಬಣ್ಣದ ಹನಿ ಬಿದ್ದರೆ ರಕ್ತ ಅಂತ ಗಾಬರಿ ಬೇಡ, ಪ್ಯೂಪಾದೊಳಗೆ ಉಳಿದಿದ್ದ ಕಸ ಅದು. ಆಗ ಮಗುವಿಗೆ ಸೊಂಡಿಲು ತೋರಿಸಿ. ಅದು ಎರಡು ಸೀಳಾಗಿರುತ್ತದೆ. ಚಿಟ್ಟೆ ಸುರುಳಿ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಎರಡನ್ನೂ ಕೂಡಿಸಿ ಒಂದೇ ಕೊಳವೆ ಮಾಡಿಕೊಳ್ಳುತ್ತದೆ. ಫೋಟೋ ಬೇಡ, ಪೆನ್ಸಿಲ್ ಕೊಟ್ಟು ಬರೆಸಿ. ಕೆಲವು ಗಂಟೆ ಬಿಟ್ಟು, ಬಿಸಿಲಿರುವಾಗ ಹೊರಗೆ ಬಿಡಿ.

ಕೆಲವೊಮ್ಮೆ ಪ್ಯೂಪಾದಿಂದ ಚಿಟ್ಟೆಯ ಬದಲು ಪುಟ್ಟ ಕಣಜ ಬರುತ್ತದೆ. ಅದನ್ನು ಮುಚ್ಚಿಡಬೇಡಿ. ಕಣಜವೂ ಅದರೊಳಗೆ ತನ್ನ ಮರಿ ಸಾಕುತ್ತಿತ್ತು ಅಂತ ಹೇಳಿ, ಮಕ್ಕಳಿಗೆ ಅರ್ಥವಾಗುತ್ತದೆ.

ಹಂತ 4: ಹಮ್ಮಿಂಗ್‌ಬರ್ಡ್

ಚಿಟ್ಟೆ ಹಾರಿಹೋದ ಮೇಲೆ, ಅದರ ಹಾಗೆಯೇ ಹೂವಿನ ಮಕರಂದ ಕುಡಿಯುವ ಹಕ್ಕಿಯ ಮಾತೂ ಬರುತ್ತದೆ. ಅಂಥ ಹಕ್ಕಿ ಅಂದ ಕೂಡಲೇ ಮಕ್ಕಳು ಹಮ್ಮಿಂಗ್‌ಬರ್ಡ್ ಅನ್ನುತ್ತಾರೆ. 350ಕ್ಕೂ ಹೆಚ್ಚು ಜಾತಿಗಳಿವೆ, ಎಲ್ಲವೂ ಇರುವುದು ಉತ್ತರ ಮತ್ತು ದಕ್ಷಿಣ ಅಮೆರಿಕದ ಕಡೆಯೇ. ಕ್ಯೂಬಾದ ಬೀ ಹಮ್ಮಿಂಗ್‌ಬರ್ಡ್ ತೂಗುವುದು ಸುಮಾರು 2 ಗ್ರಾಂ. ಆಫ್ರಿಕಾ, ಏಷ್ಯಾದ ತೋಟಗಳಲ್ಲಿ ಕಾಣುವುದು ಸೂರಕ್ಕಿ, ಅದು ಬೇರೆಯೇ ವಂಶ. ಸೂರಕ್ಕಿ ಸಾಮಾನ್ಯವಾಗಿ ರೆಂಬೆಯ ಮೇಲೆ ಕೂತು ಕುಡಿಯುತ್ತದೆ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಕುಡಿದು ಹಿಂದಕ್ಕೂ ಹಾರುತ್ತದೆ. ಗಾಳಿಯಲ್ಲಿ ನಿಂತು ಕುಡಿಯುವ ಪತಂಗವೂ ಇದೆ, ತಲೆಯ ಮೇಲೆ ಮೀಸೆ ಕಂಡರೆ ಅದು ಹಕ್ಕಿಯಲ್ಲ.

ಹಮ್ಮಿಂಗ್‌ಬರ್ಡ್ ಇರುವ ಕಡೆ ಸಕ್ಕರೆ ನೀರು ಇಡುವುದಾದರೆ 1 ಪಾಲು ಬಿಳಿ ಸಕ್ಕರೆಗೆ 4 ಪಾಲು ನೀರು. ಜೇನುತುಪ್ಪ ಹಾಕಬೇಡಿ, ಬೇಗ ಹುಳಿಯುತ್ತದೆ. ಕೆಂಪು ಬಣ್ಣದ ಪುಡಿಯೂ ಬೇಡ, ಬಟ್ಟಲು ಕೆಂಪಗಿದ್ದರೆ ಸಾಕು. ಬಿಸಿಲು ಜಾಸ್ತಿ ಇದ್ದರೆ ಎರಡು ದಿನಕ್ಕೊಮ್ಮೆಯಾದರೂ ನೀರು ಚೆಲ್ಲಿ ಬಟ್ಟಲು ತೊಳೆಯಿರಿ. ಆ ಕೆಲಸ ಮಗುವಿಗೇ ಕೊಡಿ.