ಮಕ್ಕಳನ್ನ ಓಡಿಸೋ ಡಬ್ಬಿ: ಎರಡು ವರ್ಷ ಒದ್ದಾಡಿದ ನನ್ನ ಅನುಭವ

ಕಂಬಕ್ಕೆ ಡಬ್ಬಿ ಕಟ್ಟಿ ಮಕ್ಕಳನ್ನ ಓಡಿಸೋ ಆಟ ಮಾಡೋಣ ಅಂತ ಲೇಔಟ್ ಮೀಟಿಂಗಲ್ಲಿ ನಾನು ಹೇಳಿದಾಗ ಎಲ್ರೂ ನಕ್ಕಿದ್ರು, ಕೈಗೆ ಮೊಬೈಲ್ ಸಿಕ್ಕಿರೋ ಮಕ್ಕಳು ನಿನ್ನ ಡಬ್ಬಿ ಹಿಂದೆ ಯಾಕಪ್ಪಾ ಓಡ್ತಾರೆ ಅಂತ. ಈಗ ಅವರೇ ಸಂಜೆ ಐದೂವರೆ ದಾಟಿದ್ರೆ ಫೋನ್ ಮಾಡ್ತಾರೆ, ಇವತ್ತು ಆನ್ ಮಾಡಿಲ್ವಾ ಅಂತ. ಅದಕ್ಕೇ ಬರೀತಿದೀನಿ.

ಐಡಿಯಾ ನಂದಲ್ಲ, ಇಂಗ್ಲೆಂಡಲ್ಲಿ ಬೀಟ್ ದ ಸ್ಟ್ರೀಟ್ ಅಂತ ಇದೆಯಲ್ಲ, ದೀಪದ ಕಂಬಕ್ಕೆ ಡಬ್ಬಿ ಕಟ್ಟಿರ್ತಾರೆ, ಕಾರ್ಡ್ ಮುಟ್ಟಿಸ್ತಾ ಊರು ಸುತ್ತಿದ್ರೆ ಪಾಯಿಂಟ್, ಅದೇ. ನಾನು ಇಎಸ್‌ಪಿ32 ಅನ್ನೋ ವೈಫೈ ಇರೋ ಪುಟ್ಟ ಕಂಪ್ಯೂಟರ್ ಬೋರ್ಡ್, ಕಾರ್ಡ್ ಓದೋ ಆರ್‌ಸಿ522 ರೀಡರ್, ಒಂದು 18650 ರೀಚಾರ್ಜ್ ಸೆಲ್ ಹಾಕಿ ಶುರು ಮಾಡಿದೆ. ಟೇಬಲ್ ಮೇಲೆ ಬೆಣ್ಣೆ ಥರ ಕೆಲಸ ಮಾಡಿದ್ದು ಕಂಬಕ್ಕೆ ಕಟ್ಟಿದ ತಕ್ಷಣ ಸತ್ತೇ ಹೋಯ್ತು. ಒಂದು ವಾರ ಕೋಡ್ ಕೆದಕಿದ್ದೇ ಬಂತು, ಕೊನೆಗೆ ನೋಡಿದ್ರೆ ಕಬ್ಬಿಣದ ಕಂಬ ರೀಡರ್ ಆಂಟೆನಾದ ಸಿಗ್ನಲ್‌ನ ನುಂಗ್ತಿತ್ತು. ಮಧ್ಯೆ ದಪ್ಪ ಹಲಗೆ ಕೊಟ್ಟೆ, ಸರಿಹೋಯ್ತು. ಆಮೇಲೆ ಇರುವೆ. ಎರಡು ಡಬ್ಬಿ ಒಳಗೆ ಗೂಡೇ ಕಟ್ಟಿದ್ವು.

ಆರು ಡಬ್ಬಿ, ಒಂದಕ್ಕೆ ಹತ್ತಿರ ಹತ್ತಿರ 900 ರೂಪಾಯಿ, ಸುಟ್ಟಿದ್ದು ನೆನೆದಿದ್ದು ಸೇರಿ ಒಟ್ಟು 14,000 ಆಗಿರ್ಬೇಕು. ಮನೇಲಿ 8,000 ಅಂತ ಹೇಳಿದೀನಿ.

ಅಸಲಿ ಸೋಲು ಆಮೇಲೆ. ಮೂರನೇ ದಿನಕ್ಕೇ ಒಬ್ಬ ಹುಡುಗ ಎಂಟು ಜನರ ಕಾರ್ಡ್ ಜೇಬಲ್ಲಿಟ್ಕೊಂಡು ಸೈಕಲ್ಲಲ್ಲಿ ರೌಂಡ್ ಹೊಡೀತಿದ್ದ, ಉಳಿದ ಏಳು ಜನ ಕಟ್ಟೆ ಮೇಲೆ ಕೂತು ಚುರುಮುರಿ ತಿಂತಿದ್ರು. ತಲೆಗೆ ಒಂದು ರೂಪಾಯಿ ಫೀಸಂತೆ! ಇನ್ನೊಂದು ತಪ್ಪು ನಾನೇ ಮಾಡಿದ್ದು, ಗೇಟ್ ಹತ್ರ ರ‍್ಯಾಂಕ್ ಪಟ್ಟಿ ಹಾಕಿದೆ. ಮೇಲಿನ ನಾಲ್ಕು ಜನ ಹುಚ್ಚೆದ್ದು ಓಡಿದ್ರು, ಕೆಳಗಿದ್ದ ಇಪ್ಪತ್ತು ಮಕ್ಕಳು ಎರಡನೇ ವಾರಕ್ಕೆ ಬರೋದೇ ಬಿಟ್ರು.

ಪಟ್ಟಿ ಕಿತ್ತಾಕಿ ಕಳ್ಳ-ಪೊಲೀಸ್ ಮಾಡಿದೆ. ಡಬ್ಬಿಗಳು ಇಎಸ್‌ಪಿ-ನೌ ಅನ್ನೋ ವೈರ್‌ಲೆಸ್ ವ್ಯವಸ್ಥೇಲಿ ನೇರವಾಗಿ ಮಾತಾಡ್ಕೊಳ್ತವೆ, ರೂಟರ್ ಬೇಡ. ಒಂದರಲ್ಲಿ ಕೆಂಪು ದೀಪ ಹತ್ತಿದ್ರೆ ಅಲ್ಲಿ ಕಳ್ಳ ಇದಾನೆ ಅಂತ ಅರ್ಥ, ಗುಂಪಿನವರು ಟೈಮೊಳಗೆ ಮೂರು ಬೇರೆ ಬೇರೆ ಕಾರ್ಡ್ ಮುಟ್ಟಿಸಿದ್ರೆ ಸಿಕ್ಕಿಬಿದ್ದ, ಇಲ್ಲಾಂದ್ರೆ ಇನ್ನೊಂದು ಕಂಬಕ್ಕೆ ಹಾರ್ತಾನೆ. ಪಾಯಿಂಟ್ ಇಲ್ಲ, ಬಹುಮಾನ ಇಲ್ಲ, ಆದ್ರೂ ಕಿರುಚಾಟ ನೋಡ್ಬೇಕು ನೀವು. ಸೈಕಲ್ ಹುಡುಗನ ದಂಧೆನೂ ಬಂದ್, ಕಾರ್ಡ್ ಕಾರ್ಡ್ ನಡುವೆ ನಾನು ಇಟ್ಟಿರೋ ಒಂದು ಸಣ್ಣ ಚೆಕ್ಕಿಂದ, ಅದೇನು ಅಂತ ಹೇಳಲ್ಲ, ಅವನೂ ಇದನ್ನ ಓದಬಹುದು. ಕಳ್ಳ ಎಷ್ಟು ಸೆಕೆಂಡ್ ನಿಲ್ಬೇಕು ಅನ್ನೋದೇ ಇದರ ಜೀವ, ನಿಮ್ಮ ರಸ್ತೆ ಅಳೆದು ನೀವೇ ಕಂಡ್ಕೊಳ್ಳಿ.

ಮಧ್ಯೆ ಕೈಗೆ ಕಟ್ಟೋ ಸ್ಟೆಪ್ ಬ್ಯಾಂಡ್ ಕೂಡ ಟ್ರೈ ಮಾಡಿದ್ದೆ. ಒಂದು ಸಂಜೆ 19,000 ಹೆಜ್ಜೆ ಬಂತು, ನಾನು ಖುಷಿ ಪಟ್ಟಿದ್ದೇ ಪಟ್ಟಿದ್ದು, ಬ್ಯಾಂಡ್ ಇದ್ದದ್ದು ಬೀದಿನಾಯಿ ಕುತ್ತಿಗೇಲಿ. ಫುಟ್‌ಪಾತ್ ಮೇಲೆ ಪೇಂಟಲ್ಲಿ ಕುಂಟೆಬಿಲ್ಲೆನೂ ಬರೆದೆ, 300 ರೂಪಾಯಿ, ಅದನ್ನ ಜಾಸ್ತಿ ಆಡೋರು ಅಮ್ಮಂದಿರು.

ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು ಅಂತ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಹೇಳತ್ತಲ್ಲ, ನಮ್ಮಲ್ಲಿ ನಿಜವಾದ ಓಟ ಒಂದು ಮಗುಗೆ 25-30 ನಿಮಿಷ ಸಿಗ್ತಿದೆ, ಸ್ಟಾಪ್‌ವಾಚ್ ಹಿಡಿದು ನಾಲ್ಕೈದು ದಿನ ನಾನೇ ನೋಡಿದೀನಿ. ಮುಂಚೆ ಸೊನ್ನೆ ಇತ್ತು.

ನಾಲ್ಕನೇ ಡಬ್ಬಿ ಮಾತ್ರ ಮಳೆ ಬಂದ್ರೆ ಈಗ್ಲೂ ತಾನೇ ಕೂಗತ್ತೆ. ದೆವ್ವದ ಡಬ್ಬಿ ಅಂತ ಹೆಸರಿಟ್ಟಿದಾರೆ, ರಿಪೇರಿ ಮಾಡ್ಬೇಡಿ ಅಂಕಲ್ ಅಂತಾರೆ. ಬಿಟ್ಟಿದೀನಿ.