ಹಳೇ ಮಿನಿ ಲಾರಿಯ ಬ್ರೇಕ್ ಗಟ್ಟಿಯಾಯ್ತಾ? ಮೊದಲು ಪೈಪ್ ನೋಡಿ

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವವರಿಗೆ ಬ್ರೇಕಿನ ಬೆಲೆ ಗೊತ್ತಿರುತ್ತದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿ, ಎಷ್ಟು ತುಳಿದರೂ ಗಾಡಿ ನಿಲ್ಲುತ್ತಿಲ್ಲ ಅಂದರೆ ಬಹುಪಾಲು ಬೂಸ್ಟರಿನ (ಗಾಳಿಯ ಎಳೆತದಿಂದ ಕಾಲಿನ ಬಲ ಹೆಚ್ಚಿಸುವ ಡಬ್ಬಿ) ಸಹಾಯ ಸಿಗುತ್ತಿಲ್ಲ. ಹಾಗಂತ ಸುಮ್ನೆ ಬೂಸ್ಟರನ್ನೇ ಬದಲಾಯಿಸಬೇಡಿ. ನಾನು ಮೂಡಿಗೆರೆಯಲ್ಲಿ ಹೊಸದು ಹಾಕಿಸಿ, ಶುಂಠಿ ಲೋಡು ಎರಡು ದಿನ ನಿಲ್ಲಿಸಿಕೊಂಡು, ಕೊನೆಗೆ ನೋಡಿದರೆ ಸೀಳಿದ್ದದ್ದು ಬೂಸ್ಟರಿಗೆ ಬರುವ ಹೋಸ್ ಪೈಪ್.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ತುಳಿದು, ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯಲಿಲ್ವಾ? ವ್ಯಾಕ್ಯೂಮ್ (ಗಾಳಿಯ ಎಳೆತ) ಬರುತ್ತಿಲ್ಲ, ಇಲ್ಲವೇ ಬೂಸ್ಟರ್ ಹೋಗಿದೆ.

ಇನ್ನು ಗಾಡಿ ನಿಂತಲ್ಲೇ ಎಂಜಿನ್ ಎರಡು ನಿಮಿಷ ಓಡಿಸಿ, ಆಫ್ ಮಾಡಿ, ನಿಧಾನವಾಗಿ ತುಳಿಯಿರಿ. ಮೊದಲ ತುಳಿತ ಮೆತ್ತಗೆ, ಆಮೇಲಿನವು ಗಟ್ಟಿ ಆಗುತ್ತಾ ಹೋಗಬೇಕು. ಆಫ್ ಆದ ಮೇಲೆ ಎಷ್ಟು ಸಲಕ್ಕೆ ಸಹಾಯ ಉಳಿಯುತ್ತದೆ ಅಂತ ಎಣಿಸಿ ನೋಡಿ, ಎರಡು ಮೂರು ಅಷ್ಟೇ. ಡೀಸೆಲ್ ಉಳಿಸೋಕೆ ಎಂಜಿನ್ ಆಫ್ ಮಾಡಿ ಘಾಟಿ ಇಳಿಸುವವರಿಗೆ ಕೈ ಮುಗಿದು ಬೇಡ ಅನ್ನುವುದು ಇದಕ್ಕೇ. ಮೊದಲ ತುಳಿತವೇ ಗಟ್ಟಿ ಇದ್ದರೆ ಒಂದೋ ಗಾಳಿಯನ್ನು ಒಂದೇ ಕಡೆಗೆ ಬಿಡುವ ವಾಲ್ವ್ ಹಿಡಿಯುತ್ತಿಲ್ಲ, ಇಲ್ಲವೇ ಎಲ್ಲೋ ಗಾಳಿ ಸೋರುತ್ತಿದೆ.

ಡೀಸೆಲ್ ಎಂಜಿನ್‌ಗೆ ಬೇರೆ ವ್ಯಾಕ್ಯೂಮ್ ಪಂಪ್ ಬೇಕು. ತುಂಬಾ ಹಳೇ ಗಾಡಿಗಳಲ್ಲಿ ಅದು ಡೈನಮೋ ಬೆನ್ನಿಗೇ ಇರುತ್ತದೆ. ಅಂಥ ಗಾಡಿಯಲ್ಲಿ ಬೆಲ್ಟ್ ಸಡಿಲವಾದರೆ ಚಾರ್ಜೂ ಕಮ್ಮಿ, ಬ್ರೇಕೂ ಕಮ್ಮಿ. ಬೆಲ್ಟ್ ನೋಡಿ, ಆಮೇಲೆ ಪಂಪಿನಿಂದ ಬೂಸ್ಟರ್ ತನಕ ಪೈಪನ್ನು ಕೈಯಲ್ಲಿ ಬಗ್ಗಿಸುತ್ತಾ ಬನ್ನಿ, ಕ್ಲಿಪ್ ಕೆಳಗೆ ಮತ್ತು ಬಾಗುವ ಕಡೆಯೇ ಬಿರುಕು ಜಾಸ್ತಿ. ನೀರಿನ ಪೈಪಿನ ತುಂಡು ಹಾಕಬೇಡಿ, ಎಳೆತಕ್ಕೆ ಅದು ಒಳಗೇ ಅಂಟಿಕೊಂಡು ದಾರಿ ಮುಚ್ಚುತ್ತದೆ. ವಾಲ್ವ್ ಬಿಚ್ಚಿ ಬಾಯಲ್ಲಿ ಊದಿ: ಬೂಸ್ಟರ್ ಕಡೆಯಿಂದ ಊದಿದರೆ ಗಾಳಿ ದಾಟಬೇಕು, ಪಂಪಿನ ಕಡೆಯಿಂದ ದಾಟಬಾರದು.

ಇಷ್ಟೆಲ್ಲ ಸರಿ ಇದ್ದು, ತುಳಿದು ಹಿಡಿದಷ್ಟು ಹೊತ್ತೂ ಕಾಲ ಬುಡದಲ್ಲಿ ಬುಸ್ ಅಂತ ಸದ್ದು ಬರುತ್ತಿದ್ದರೆ ಆಗ ಬೂಸ್ಟರ್ ಬದಲಾಯಿಸಿ.

ಪೆಡಲ್ ಮೆತ್ತಗಾಗಿ ತಳಕ್ಕೆ ಇಳಿಯುತ್ತಿದ್ದರೆ ಅದು ಬೇರೆ ಕಾಯಿಲೆ. ಲೈನಿನಲ್ಲಿ ಏರ್ ಇರಬಹುದು, ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಹೋಗಿರಬಹುದು. ಗಾಡಿ ಓಡಿಸಲೇಬೇಡಿ. ಹೊರಗೆಲ್ಲೂ ಸೋರದೆ ಬ್ರೇಕ್ ಆಯಿಲ್ ಕಮ್ಮಿಯಾಗುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲು ದಾಟಿ ಬೂಸ್ಟರಿನೊಳಗೆ ಇಳಿಯುತ್ತಿರಬಹುದು. ಬಿಚ್ಚಿದಾಗ ಒಳಗೆ ಆಯಿಲ್ ನಿಂತಿದ್ದರೆ ಎರಡನ್ನೂ ಒಟ್ಟಿಗೇ ಬದಲಾಯಿಸಿ, ಆಯಿಲ್ ಕುಡಿದ ರಬ್ಬರ್ ಜಾಸ್ತಿ ದಿನ ಬರುವುದಿಲ್ಲ.